ಮರಳಿ ಬಂದ ಮಗು ಮತ್ತು ಮನೆಯ ಹೊಣೆ: ತುಳುನಾಡಿನ ಕರಾವಳಿಯ ಒಂದು ಚಾರಿತ್ರಿಕ ಪರಿಶೀಲನೆ

ಮಗುವನ್ನು ಹೆತ್ತ ಮನೆಯಿಂದ ಬೇರೆಯಿಟ್ಟು ಸಲಹುವ ಏರ್ಪಾಡುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಗು ಮನೆಯನ್ನು ಬಿಟ್ಟ ದಿನದಿಂದ ತೊಡಗಿ, ಅದು ಮನೆಗೆ ಮರಳಿದ ದಿನಕ್ಕೆ ತಮ್ಮ ವೃತ್ತಾಂತವನ್ನು ಮುಗಿಸುತ್ತಾರೆ. ಮರಳಿದ ಮಗುವಿನ ಅನ್ನ, ಬಟ್ಟೆ, ವಿದ್ಯೆಗಳ ಭಾರವನ್ನು ಯಾರು ಹೊತ್ತರು, ಅದನ್ನು ಬರಮಾಡಿಕೊಂಡ ತಾಯಿಗೆ ಯಾರು ಆಸರೆಯಾದರು ಎಂಬ ಪ್ರಶ್ನೆ ವಿಚಾರಣೆಗೆ ಬರುವುದು ವಿರಳ. ಉಡುಪಿ, ಕಾಪು, ಕಾರ್ಕಳ ಪ್ರದೇಶದ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರದೇಶವನ್ನು ಆರಿಸಿಕೊಳ್ಳಲು ಸಕಾರಣವುಂಟು. ಇಲ್ಲಿಯ ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಜನಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ, ಎಂದರೆ ಅಳಿಯಕಟ್ಟು, ಬಹುಕಾಲ ರೂಢಿಯಲ್ಲಿತ್ತು. ಬ್ರಾಹ್ಮಣರೇ ಮೊದಲಾದವರದು ಮಕ್ಕಳಕಟ್ಟು. ಅಳಿಯಕಟ್ಟಿನಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು; ಆಸ್ತಿಯ ಹಕ್ಕು ಹೆಣ್ಣಿನ ಸಂತತಿಯ ಮೂಲಕ ಇಳಿದು ಬರುವುದು. ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಬಾಳುವುದೂ, ಮಕ್ಕಳು ಅಲ್ಲಿಯೇ ಬೆಳೆಯುವುದೂ ಅನೇಕ ಮನೆತನಗಳಲ್ಲಿ ವಾಡಿಕೆಯಾಗಿದ್ದರೂ, ಅವರ ಹಕ್ಕಿನ ನೆಲೆ ತಾಯಿಯ ಮೂಲಮನೆಯೇ ಆಗಿತ್ತು. ತಂದೆ ತೀರಿಕೊಂಡಾಗ, ಅಥವಾ ದಾಂಪತ್ಯ ಮುರಿದಾಗ, ತಾಯಿಯೂ ಮಕ್ಕಳೂ ಅಲ್ಲಿಗೆ ಮರಳುತ್ತಿದ್ದರು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಹೀಗೆ ಮರಳಿದ ಮಗು ಸೋದರಮಾವನ ದಯೆಯಿಂದ ಉಣ್ಣುವ ಅತಿಥಿಯಾಗಿರಲಿಲ್ಲ. ಅದು ಕುಟುಂಬದ ಸದಸ್ಯ. ಕುಟುಂಬದ ಆಸ್ತಿಯಿಂದ ಜೀವನಾಂಶ ಪಡೆಯುವುದು ಅದರ ಹಕ್ಕು. ಯಜಮಾನನಾಗಲಿ ಯಜಮಾನ್ತಿಯಾಗಲಿ ಆಸ್ತಿಯ ಆಡಳಿತಗಾರರಷ್ಟೆ. 1863ರಲ್ಲಿ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗಸು ಇವರ ವ್ಯಾಜ್ಯದಲ್ಲಿ ಮದರಾಸಿನ ಹೈಕೋರ್ಟು, ಸದಸ್ಯರೆಲ್ಲರ ಒಪ್ಪಿಗೆಯಿಲ್ಲದೆ ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಪಾಲು ಮಾಡಲಾಗದೆಂದು ತೀರ್ಮಾನಿಸಿತು. ಈ ತೀರ್ಪಿನಿಂದ ಕಿರಿಯ ಕವರುಗಳಿಗೆ ಆದ ಅನನುಕೂಲ ಅಲ್ಪವಲ್ಲ. ಆದರೂ ಮರಳಿ ಬರುವವರಿಗೆ ಒಡೆಯದ ಮನೆಯೊಂದು ಉಳಿದುಕೊಂಡಿತು. ಮಗುವಿನ ಮರಳುವಿಕೆಯೂ, ಮರಳಿದ ಮೇಲಿನ ಆಸರೆಯೂ ಒಂದೇ ವ್ಯವಸ್ಥೆಯಲ್ಲಿ ಅಡಕವಾಗಿದ್ದವು.

ಇಷ್ಟರಿಂದ ಆ ಕಾಲವನ್ನು ಸುವರ್ಣಯುಗವೆಂದು ಬಗೆಯುವುದು ಸಲ್ಲದು. ಈ ಆಸರೆ ಆಸ್ತಿಯುಳ್ಳ ಕುಟುಂಬಗಳಿಗೆ ಮಾತ್ರ ಅರ್ಥಪೂರ್ಣವಾದದ್ದು. ಗುತ್ತಿನ ಮನೆಯ ಗದ್ದೆಯಲ್ಲಿ ದುಡಿಯುತ್ತಿದ್ದ ಮೂಲದಾಳುಗಳ ಮಕ್ಕಳಿಗೆ ಮರಳಿ ಹೋಗಲು ಹಕ್ಕಿನ ಮನೆಯೆಂಬುದೇ ಇರಲಿಲ್ಲ. 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತಪ್ಪಿಸಿತಾದರೂ ಅವರಿಗೆ ನೆಲವನ್ನಾಗಲಿ ನೆಲೆಯನ್ನಾಗಲಿ ಕೊಡಲಿಲ್ಲ. ಧಣಿಯ ಮನೆಯಲ್ಲಿ ದನ ಕಾಯಲು ಬಿಟ್ಟ ಹುಡುಗ ತನ್ನ ಗುಡಿಸಲಿಗೆ ಮರಳಿದರೆ ಆ ಗುಡಿಸಲಿಗೆ ಕೂಡಿದ್ದು ಇನ್ನೊಂದು ಹೊಟ್ಟೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡನೆಯ ಬಗೆಯ ಏರ್ಪಾಡೊಂದು ತಲೆದೋರಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆಗಳ ಜೊತೆಗೆ ಅನಾಥಾಲಯಗಳನ್ನೂ ನಡೆಸಿತು. ನೇಯ್ಗೆ, ಹಂಚಿನ ಕೆಲಸ ಮೊದಲಾದ ಕಸಬುಗಳನ್ನೂ ಬೆಳೆಸಿತು. ಇಲ್ಲಿ ಮಗುವಿನ ಮುಂದಿನ ಬಾಳಿಗೆ ದಾರಿ ಇತ್ತು. ಹಿಂದಿನ ಮನೆಗೆ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗದೆಂದು 1850ರ ಇಪ್ಪತ್ತೊಂದನೆಯ ಕಾಯಿದೆ ವಿಧಿಸಿತ್ತು. ಆದರೆ ಕಾಯಿದೆ ಆಸ್ತಿಯನ್ನು ಕಾಪಾಡಬಲ್ಲುದೇ ಹೊರತು, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲಾರದು.

ಮೂರನೆಯ ಏರ್ಪಾಡು ಸರಕಾರದ್ದು. 1920ರ ಮದರಾಸು ಮಕ್ಕಳ ಕಾಯಿದೆ ಭಾರತದಲ್ಲಿ ಈ ಬಗೆಯ ಮೊತ್ತಮೊದಲ ಶಾಸನ. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಸೇರಿದ್ದುದು ಆ ಪ್ರಾಂತಕ್ಕೇ. ನಿರ್ಗತಿಕ ಮಗುವನ್ನು ಸರ್ಟಿಫೈಡ್ ಶಾಲೆಗೆ ಕಳುಹಿಸಬಹುದಾಗಿತ್ತು, ಅಥವಾ ಬಂಧುವಿಗಾಗಲಿ ಮತ್ತೊಬ್ಬ ಯೋಗ್ಯ ವ್ಯಕ್ತಿಗಾಗಲಿ ಒಪ್ಪಿಸಬಹುದಾಗಿತ್ತು. 1908ರ ಆಂಗ್ಲ ಶಾಸನದ ಮಾದರಿಯಲ್ಲಿ ಬಂದ ಈ ‘ಯೋಗ್ಯ ವ್ಯಕ್ತಿ’ಯ ಕಲ್ಪನೆಯಲ್ಲಿ ಇಂದಿನ ಪೋಷಕತ್ವದ ಬೀಜವಿದೆ. ಮುಂದೆ 1964ರ ಮಕ್ಕಳ ಕಾಯಿದೆ ಮೈಸೂರು ರಾಜ್ಯದಲ್ಲಿ ಇದೇ ಜಾಡನ್ನು ಹಿಡಿಯಿತು.

ಈ ನಡುವೆ ಅಳಿಯಕಟ್ಟಿನ ಮನೆಯೇ ಕರಗತೊಡಗಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ ಕವರುಗಳಿಗೆ ಪಾಲು ಕೇಳುವ ಹಕ್ಕು ದೊರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಏಳನೆಯ ಪ್ರಕರಣದಂತೆ ಸದಸ್ಯನ ಹಿತಾಸಕ್ತಿ ಅವನ ಮರಣಾನಂತರ ವಾರಸುದಾರರಿಗೆ ಸಲ್ಲುವಂತಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಭೂಮಿ ಒಕ್ಕಲುಗಳ ಪಾಲಿಗೆ ಬಂದಿತು. ಇವು ಮೂರೂ ನ್ಯಾಯದ ದಿಕ್ಕಿನಲ್ಲಿಟ್ಟ ಹೆಜ್ಜೆಗಳೇ. ಗೇಣಿದಾರನ ಮಗುವಿಗೆ ಮೊದಲ ಬಾರಿಗೆ ಸ್ವಂತ ನೆಲದ ಆಸರೆ ದೊರೆತುದು ಇದರಿಂದಲೇ. ಆದರೆ ಗೇಣಿಯ ಅಕ್ಕಿಯಿಂದ ಹತ್ತಾರು ಮಂದಿಯನ್ನು ಸಲಹುತ್ತಿದ್ದ ಮೂಲಮನೆ, ವರ್ಷಕ್ಕೊಮ್ಮೆ ಭೂತದ ಸೇವೆಗೆ ಸೇರುವ ಮನೆಯಾಗಿ ಉಳಿಯಿತು. ಮರಳಿ ಬಂದ ಮಗುವಿನ ಜೀವನಾಂಶದ ಹೊಣೆ ಯಾರ ತಲೆಯ ಮೇಲೂ ಸ್ಪಷ್ಟವಾಗಿ ನಿಲ್ಲಲಿಲ್ಲ. ಕಾರ್ಯತಃ ಅದು ತಾಯಿಯೊಬ್ಬಳ ದುಡಿಮೆಯ ಮೇಲೆ, ಈ ಸೀಮೆಯ ಎಷ್ಟೋ ಮನೆಗಳಲ್ಲಿ ಬೀಡಿ ಕಟ್ಟಿ ಬರುವ ಹಣದ ಮೇಲೆ ಬಿದ್ದಿತು.

ಈ ತೆರವನ್ನು ಶಾಸನ ಎಷ್ಟರಮಟ್ಟಿಗೆ ತುಂಬಿತು? 2000ದ ಬಾಲನ್ಯಾಯ ಕಾಯಿದೆಯ 42ನೆಯ ಪ್ರಕರಣ ಪೋಷಕತ್ವವನ್ನು ಮೊದಲಿಗೆ ದತ್ತು ಹೋಗಲಿರುವ ಶಿಶುಗಳ ತಾತ್ಕಾಲಿಕ ತಂಗುಮನೆಯೆಂದು ಕಂಡಿತು. ಅನಂತರ, ಹೆತ್ತವರು ಆಗಾಗ ಬಂದು ನೋಡುವ, ಕೊನೆಗೆ ಸ್ವಂತ ಮನೆಗೆ ಮರಳಬಹುದಾದ ಮಕ್ಕಳನ್ನೂ ಹೆಸರಿಸಿತು. ಮರಳುವಿಕೆ ಶಾಸನದ ಮಾತಿನೊಳಗೆ ಬಂದಿತು. 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಾರ್ಗಸೂಚಿಗಳು ಇನ್ನೂ ಮುಂದೆ ಹೋಗಿ, ಮಗುವನ್ನು ಕುಟುಂಬದೊಡನೆ ಮತ್ತೆ ಬೆಸೆಯುವುದು ಹಂತಹಂತವಾಗಿ, ಮೇಲ್ವಿಚಾರಣೆಯೊಡನೆ, ಆಸರೆಯ ಕ್ರಮಗಳೊಡನೆ ನಡೆಯಬೇಕೆಂದವು. 2015ರ ಬಾಲನ್ಯಾಯ ಕಾಯಿದೆ ಮಗುವನ್ನು ಮನೆಗೆ ಮರಳಿಸುವುದನ್ನು ಬಾಲಮಂದಿರಗಳ ಪ್ರಧಾನ ಧ್ಯೇಯವೆಂದು 40ನೆಯ ಪ್ರಕರಣದಲ್ಲಿ ಸಾರಿತು. 44ನೆಯ ಪ್ರಕರಣದಲ್ಲಿ ಪೋಷಕ ಕುಟುಂಬದ ಮಾಸಿಕ ತಪಾಸಣೆಯನ್ನೂ, 45ನೆಯ ಪ್ರಕರಣದಲ್ಲಿ ಪ್ರಾಯೋಜಕತ್ವವನ್ನೂ ವಿಧಿಸಿತು. ಈ ಎರಡನ್ನು ಹೋಲಿಸಿ ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮಗು ಪರರ ಮನೆಯಲ್ಲಿರುವಾಗ ತಿಂಗಳಿಗೊಮ್ಮೆ ತಪಾಸಣೆಯಾಗಬೇಕೆಂದು ಕಾಯಿದೆಯೇ ಹೇಳುತ್ತದೆ; ಸ್ವಂತ ಮನೆಗೆ ಮರಳಿದ ಮೇಲೆ ವಿಚಾರಿಸುವ ಕೆಲಸ ನಿಯಮಗಳಿಗೂ ಪಾಲನಾ ಯೋಜನೆಗೂ ಬಿಟ್ಟದ್ದು.

ಈ ವ್ಯವಸ್ಥೆಯ ಸತ್ತ್ವಪರೀಕ್ಷೆ 2020ರಲ್ಲಿ ನಡೆಯಿತು. ಕೋವಿಡ್ ಸಾಂಕ್ರಾಮಿಕದ ಆರಂಭದಲ್ಲಿ ದೇಶದ ಪಾಲನಾ ಸಂಸ್ಥೆಗಳಲ್ಲಿ 2,27,518 ಮಕ್ಕಳಿದ್ದರೆಂದೂ, ಅವರಲ್ಲಿ 1,45,788 ಮಕ್ಕಳನ್ನು ಹೆತ್ತವರಿಗೋ ಪಾಲಕರಿಗೋ ಒಪ್ಪಿಸಲಾಯಿತೆಂದೂ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿವೇದಿಸಲಾಯಿತು. ಹಂತಹಂತವಾಗಿ ಆಗಬೇಕಾದ ಕಾರ್ಯ ಕೆಲವೇ ತಿಂಗಳಲ್ಲಿ, ಕುಟುಂಬಗಳ ದುಡಿಮೆಯೇ ನಿಂತುಹೋಗಿದ್ದ ಕಾಲದಲ್ಲಿ, ಆಗಿಹೋಯಿತು. ಆ ವರ್ಷದ ಡಿಸೆಂಬರ್ 15ರಂದು ನ್ಯಾಯಾಲಯ, ಹೀಗೆ ಮರಳಿದ ಮಕ್ಕಳ ವಿದ್ಯಾಭ್ಯಾಸಕ್ಕೆ ಪಾಲಕರ ಆರ್ಥಿಕ ಸ್ಥಿತಿಯನ್ನು ನೋಡಿ ತಿಂಗಳಿಗೆ 2,000 ರೂಪಾಯಿ ಕೊಡಬೇಕೆಂದು ಆದೇಶಿಸಿತು. ಮಕ್ಕಳು ಮೊದಲು ಮನೆ ಸೇರಿದರು, ಆಸರೆಯ ಮಾತು ಹಿಂದಿನಿಂದ ಬಂದಿತು ಎಂಬ ಈ ಕ್ರಮವೇ ಗಮನಾರ್ಹವಾದುದು. 2022ರ ಮಿಶನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಪ್ರಾಯೋಜಕತ್ವದ ಮೊತ್ತವನ್ನು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ಸಂಸ್ಥೆಯಿಂದ ಮನೆಗೆ ಮರಳುವ ಮಕ್ಕಳ ಕುಟುಂಬಗಳನ್ನೂ ಇದರ ವ್ಯಾಪ್ತಿಗೆ ತಂದುದು ಸ್ವಾಗತಾರ್ಹ. ಆದರೆ ಗ್ರಾಮಾಂತರದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿಯನ್ನು ಮೀರಬಾರದೆಂಬ ಕಟ್ಟಳೆಯುಂಟು. ಎಂದರೆ ತಿಂಗಳಿಗೆ 6,000. ದಿನಗೂಲಿಯ ಇಬ್ಬರು ಕೂಡಿ ದುಡಿದರೆ ಈ ಎಲ್ಲೆಯನ್ನು ದಾಟುವುದು ಕಷ್ಟವಲ್ಲ; ಅದರಿಂದ ಅವರ ಬಡತನ ದಾಟಿದಂತಾಗದು.

ಮೇಲಣ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಈ ಕರಾವಳಿಯಲ್ಲಿ ಮರಳಿದ ಮಗುವಿಗೆ ದೊರೆತ ಆಸರೆ ಹಕ್ಕಾಗಿದ್ದಾಗ ಬಾಳಿತು, ಔದಾರ್ಯವಾದಾಗ ಅನಿಶ್ಚಿತವಾಯಿತು. ಎರಡನೆಯದಾಗಿ, ಹಳೆಯ ಹಕ್ಕು ಆಸ್ತಿವಂತರಿಗೆ ಮೀಸಲಾಗಿದ್ದುದರಿಂದ ಅದನ್ನು ಮತ್ತೆ ಹಂಬಲಿಸುವುದು ವ್ಯರ್ಥ. ಅದರ ತತ್ತ್ವವನ್ನು ಮಾತ್ರ ಎಲ್ಲರಿಗೂ ವಿಸ್ತರಿಸಬೇಕಾಗಿದೆ. ಮೂರನೆಯದಾಗಿ, ಮಗುವನ್ನು ಮನೆಗೆ ಮುಟ್ಟಿಸಿದ ಆದೇಶವನ್ನೇ ಕಡತದ ಕೊನೆಯ ಹಾಳೆಯಾಗಿ ಭಾವಿಸುವ ಆಡಳಿತದ ರೂಢಿ, ಬಾಲಮಂದಿರಕ್ಕೆ ಮರುಪ್ರವೇಶದ ದಾರಿಯನ್ನು ತೆರೆದಿಟ್ಟಂತೆಯೇ ಸರಿ. 1997ರಲ್ಲಿ ಉದಯಿಸಿದ ಉಡುಪಿ ಜಿಲ್ಲೆಯಂಥ ಸಣ್ಣ ಜಿಲ್ಲೆಯಲ್ಲಿ, ಮರಳಿದ ಪ್ರತಿಯೊಂದು ಮಗುವಿನ ಮನೆಯನ್ನೂ ಹಲವು ವರ್ಷ ವಿಚಾರಿಸುತ್ತಿರುವುದು ಮಕ್ಕಳ ಕಲ್ಯಾಣ ಸಮಿತಿಗೂ ಮಕ್ಕಳ ರಕ್ಷಣಾ ಘಟಕಕ್ಕೂ ಅಸಾಧ್ಯವಾದ ಕೆಲಸವಲ್ಲ.

ಅಳಿಯಸಂತಾನದ ಜೀವನಾಂಶದ ದಾವೆಗಳು ಹಳೆಯ ನ್ಯಾಯಾಲಯದ ವರದಿಗಳಲ್ಲಿವೆ. ಮೂಲಮನೆಗೆ ಮರಳಿ ಬೆಳೆದವರ ನೆನಪುಗಳು ಹಿರಿಯರಲ್ಲಿ ಇನ್ನೂ ಉಳಿದಿವೆ. ಹೆಸರುಗಳ ಗೋಪ್ಯತೆಯನ್ನು ಕಾಪಾಡಿಕೊಂಡು ಇವೆರಡನ್ನೂ ಸಂಗ್ರಹಿಸಿ ಹೋಲಿಸುವ ಕಾರ್ಯವನ್ನು ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ಕೈಗೊಂಡರೆ, ಕಾಯಿದೆ ಮಾಡುವವರಿಗೂ ಅದರಿಂದ ಪ್ರಯೋಜನವಾದೀತು.