ಪಡುಗಡಲಿನ ನಡುಗಡ್ಡೆಗಳು: ಬಂದವರು ಮತ್ತು ಹೋದವರು

ಕನ್ನಡನಾಡಿನ ಚರಿತ್ರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಾದಾಮಿಯ ಬಂಡೆ, ಹಂಪೆಯ ಬೀದಿ, ಕಲಬುರ್ಗಿಯ ಕೋಟೆ, ವಿಜಾಪುರದ ಗುಮ್ಮಟ. ನೆಲದ ಮೇಲೆ ನಡೆದುದನ್ನೇ ಚರಿತ್ರೆಯೆಂದು ಎಣಿಸುವುದು ನಮಗೆ ರೂಢಿಯಾಗಿದೆ. ಪಡುವಣ ತೀರದಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತಿರುವ ನಡುಗಡ್ಡೆಗಳಿಗೂ ಒಂದು ಚರಿತ್ರೆಯುಂಟು. ಅದು ಎರಡು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆದರೆ ಅದನ್ನು ಬರೆದವರು ನಮ್ಮವರಲ್ಲ. ಗ್ರೀಕನೊಬ್ಬ, ರೋಮನನೊಬ್ಬ, ಮೊರಾಕ್ಕೋದ ಯಾತ್ರಿಕನೊಬ್ಬ, ಪೋರ್ತುಗೀಸ್ ನಾವಿಕನೊಬ್ಬ ಬರೆದಿಟ್ಟ ಸಾಲುಗಳನ್ನು ಆಯ್ದು ಪೋಣಿಸಿದರೆ ಆ ಚರಿತ್ರೆ ದೊರೆಯುತ್ತದೆ.

ಈ ವಿಷಯವನ್ನು ಎತ್ತಿಕೊಳ್ಳಲು ನನಗೇನು ಅಧಿಕಾರ ಎಂದು ವಾಚಕರು ಕೇಳಬಹುದು. ನಾನು ಭೀಮಾತೀರದವನು. ಅಫಜಲಪುರ ತಾಲ್ಲೂಕಿನ ಘತ್ತರಗಿ ನನ್ನ ಊರು. ಭಾಗ್ಯವಂತಿ ದೇವಿಯ ಘತ್ತರಗಿ ಎಂದರೆ ಆ ಕಡೆಯವರಿಗೆ ಬೇಗ ತಿಳಿದೀತು. ನಮ್ಮ ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ, ಪಡುಗಡಲಿಗೆ ಹತ್ತಿರದಲ್ಲಿಯೇ. ಆದರೂ ಆ ಕಡಲಿಗೆ ಬೆನ್ನು ತಿರುಗಿಸಿ, ಮೂಡಲಿಗೆ ಹರಿದು, ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಹೀಗಾಗಿ ನಮ್ಮ ಕಡೆಯವರಿಗೆ ಪಡುಗಡಲು ಬರಿಯ ಕೇಳಿದ ಮಾತು. ಆದರೆ ನಮ್ಮ ಮನೆಗಳ ಪಡಸಾಲೆಗೆ ಹಾಸುವ ಫರಸಿಯನ್ನು ನೋಡಿರಿ. ಜೇವರ್ಗಿ, ಶಹಾಬಾದಗಳ ಕಡೆ ಅಗೆಯುವ ಆ ಕಲ್ಲು, ಕೋಟಿಗಟ್ಟಲೆ ವರ್ಷಗಳ ಹಿಂದೆ ಅಲ್ಲಿ ನಿಂತಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಕೂತು ಗಟ್ಟಿಯಾದ ಸುಣ್ಣದ ಕೆಸರು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಳೆಯ ಕಡಲೊಂದರ ತಳದ ಮೇಲೆ ಕೂತು ಉಂಡು ಬೆಳೆದವರು ಹೊಸ ಕಡಲಿನ ತಳವನ್ನು ನೋಡಬಯಸಿದರೆ ಅದು ಅತಿಯಾಸೆಯೇನೂ ಅಲ್ಲ.

ಹಾಗೆ ಬಯಸಿಯೇ ನಾವು ಹನ್ನೆರಡು ಮಂದಿ ಒಂದು ಚಳಿಗಾಲದಲ್ಲಿ ಮುರುಡೇಶ್ವರಕ್ಕೆ ಹೋಗಿ, ನಮ್ಮ ಗುಂಪಿಗೇ ಎಂದು ಯಂತ್ರದ ದೋಣಿಯೊಂದನ್ನು ಗೊತ್ತುಮಾಡಿಕೊಂಡು, ನೇತ್ರಾಣಿ ದ್ವೀಪದ ಬಳಿಗೆ ಹೋಗಿಬಂದೆವು. ಈಚಿನ ವರ್ಷಗಳಲ್ಲಿ ಇದೊಂದು ಹೊಸ ವಿಹಾರವಾಗಿ ಬೆಳೆದಿದೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ದೋಣಿಗಳು ಹೊರಡುತ್ತವೆ. ತೇಲುವ ಅಂಗಿ ತೊಟ್ಟು, ಗಾಜಿನ ಮುಖವಾಡ ಕಟ್ಟಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ತಳವನ್ನು ನೋಡುವುದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು. ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯ ಜನ ಒಣಗಿದ ಕುಂಬಳಕಾಯಿಯನ್ನು ಮೈಗೆ ಕಟ್ಟಿಕೊಂಡು ತುಂಬಿದ ಹೊಳೆಯನ್ನು ದಾಟುತ್ತಿದ್ದುದನ್ನು ಬಲ್ಲವರಿಗೆ ತೇಲುವ ಅಂಗಿ ಅಷ್ಟೇನೂ ಹೊಸದೆನಿಸದು. ಅವರು ಬದುಕಿಗಾಗಿ ಕಟ್ಟಿಕೊಂಡರು, ನಾವು ಸಂತೋಷಕ್ಕಾಗಿ, ವ್ಯತ್ಯಾಸವಿಷ್ಟೇ.

ಈ ನಡುಗಡ್ಡೆಗಳ ಸ್ಥಾನವನ್ನು ಮೊದಲು ತಿಳಿದುಕೊಳ್ಳುವುದೊಳ್ಳೆಯದು. ತೆಂಕಣದಿಂದ ಬಡಗಣಕ್ಕೆ ಹೋದರೆ ಮಲ್ಪೆಯ ಎದುರಿಗೆ ಸೇಂಟ್ ಮೇರಿ ದ್ವೀಪಗಳು. ಅವಕ್ಕೆ ಸ್ಥಳೀಯರು ತೋನ್ಸೆಪಾರ್ ಎನ್ನುವುದುಂಟು. ಮುರುಡೇಶ್ವರದಿಂದ ಸುಮಾರು ಹತ್ತು ಮೈಲು ಒಳಗೆ ನೇತ್ರಾಣಿ. ಹೊನ್ನಾವರದ ಬಳಿ ಕೆಳದಿ ಅರಸರ ಕಾಲದ ಕೋಟೆಯುಳ್ಳ ಬಸವರಾಜದುರ್ಗ. ಕಾರವಾರದ ಮುಂದೆ ಕೂರ್ಮಗಡ, ದೇವಗಡ. ಅಲ್ಲಿಯೇ ತುಸು ತೆಂಕಣಕ್ಕೆ, ಆಡಳಿತದಲ್ಲಿ ಗೋವೆಗೆ ಸೇರಿದ ಅಂಜದೀವ.

ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಇವುಗಳ ಸುದ್ದಿ ಹೊರಗೆ ಹೋಗಿತ್ತು. ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾ ಕೈಪಿಡಿಯನ್ನು ಬರೆದ ಹೆಸರಿಲ್ಲದ ವ್ಯಾಪಾರಿ ಈ ತೀರದ ಹಲವು ದ್ವೀಪಗಳನ್ನು ಹೇಳುತ್ತ, ‘ಬಿಳಿಯ ದ್ವೀಪ’ ಎಂಬುದೊಂದನ್ನು ಹೆಸರಿಸುತ್ತಾನೆ. ಆ ಸುತ್ತಿನಲ್ಲಿ ಕಡಲ್ಗಳ್ಳರಿದ್ದಾರೆಂದೂ ಎಚ್ಚರಿಸುತ್ತಾನೆ. ರೋಮಿನ ಪ್ಲಿನಿ ‘ನಿಟ್ರಿಯಾಸ್’ ಎಂಬಲ್ಲಿ ನೆಲಸಿದ ಕಳ್ಳರ ದೆಸೆಯಿಂದ ಮುಜಿರಿಸ್ ಬಂದರಿಗೆ ಹೋಗುವುದು ಕ್ಷೇಮವಲ್ಲವೆಂದು ಬರೆದ. ನಿಟ್ರಿಯಾಸ್ ಎಂದರೆ ನೇತ್ರಾವತಿಯ ಮುಖದ ಮಂಗಳೂರೆಂದು ಕೆಲವರು, ನಿತ್ರಾನ್ ಎಂದೂ ಕರೆಸಿಕೊಂಡ ನೇತ್ರಾಣಿಯೆಂದು ಕೆಲವರು. ಬಿಳಿಯ ದ್ವೀಪವೂ ನೇತ್ರಾಣಿಯೇ ಇರಬೇಕೆಂದು ಪೆರಿಪ್ಲಸ್ಸನ್ನು ಇಂಗ್ಲಿಷಿಗೆ ತಂದ ಶಾಫ್ ಊಹಿಸಿದ್ದುಂಟು. ಅಲ್ಲಿ ಹೇರಳವಾಗಿ ಸಿಗುತ್ತಿದ್ದ ಬಿಳಿಯ ಹವಳವೂ ಸುಣ್ಣವೂ ಈ ಊಹೆಗೆ ಒದಗಿಬರುತ್ತವೆ. ವಾದ ಹೇಗೇ ತೀರಲಿ, ಒಂದು ಮಾತನ್ನು ಗಮನಿಸಬೇಕು. ಹಡಗಿನವರು ಯಾರನ್ನು ಕಳ್ಳರೆಂದರೋ ಅವರ ಕಡೆಯ ಮಾತು ನಮಗೆ ಉಳಿದು ಬಂದಿಲ್ಲ. ತಮ್ಮ ನೀರಿನಲ್ಲಿ ಹಾದುಹೋಗುವವರಿಂದ ಸುಂಕ ಕೇಳಿದವರೂ ಕಳ್ಳರೆನಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಮುಂದೆ ೧೩೪೨ರ ಸುಮಾರಿಗೆ, ದಿಲ್ಲಿಯ ಮಹಮದ್ ತುಘಲಕನ ರಾಯಭಾರಿಯಾಗಿ ಚೀಣಕ್ಕೆ ಹೊರಟ ಇಬ್ನ್ ಬತೂತ ಗೋವೆಯನ್ನು ದಾಟಿ ಒಂದು ಚಿಕ್ಕ ದ್ವೀಪದಲ್ಲಿ ಇಳಿದ. ಅದು ಅಂಜದೀವವೆಂದೇ ಹಲವರ ಅಭಿಪ್ರಾಯ. ಅಲ್ಲಿ ಗುಡಿಯೊಂದರ ಗೋಡೆಗೆ ಒರಗಿ ಕುಳಿತಿದ್ದ ಜೋಗಿಯನ್ನು ಮಾತನಾಡಿಸಿದ; ಜೋಗಿ ಬಾಯಿ ಬಿಡಲಿಲ್ಲ. ಊಟ ಕೊಟ್ಟರೆ ಮುಟ್ಟಲಿಲ್ಲ, ಹಣ ಕೊಟ್ಟರೆ ಕೊಳ್ಳಲಿಲ್ಲ. ಬದಲಿಗೆ ತಾನೇ ಯಾತ್ರಿಕನ ಕೈಗೆ ಹೊನ್ನಿನ ನಾಣ್ಯಗಳನ್ನಿತ್ತ. ಲೋಕ ಸುತ್ತಿದವನೂ ಈ ಮೌನಕ್ಕೆ ಬೆರಗಾಗಿ, ತನಗೆ ತೋರಿದಂತೆ ಅರ್ಥಮಾಡಿಕೊಂಡು, ಹೊನ್ನಾವರದ ದಾರಿ ಹಿಡಿದ. ನಡುಗಡ್ಡೆಯಲ್ಲಿ ಇದ್ದವನು ಮಾತನಾಡಲಿಲ್ಲ, ಬಂದುಹೋದವನು ಬರೆದ. ಈ ಚರಿತ್ರೆಯೆಲ್ಲ ಹೀಗೆಯೇ ನಡೆದಿದೆ.

ವಾಸ್ಕೊ ಡ ಗಾಮನ ಪ್ರಸಂಗ ಇನ್ನೂ ಸ್ವಾರಸ್ಯವಾದುದು. ೧೪೯೮ರ ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆಯನ್ನು ಬಿಟ್ಟು ತೀರದುದ್ದಕ್ಕೂ ಬಡಗಣಕ್ಕೆ ಬಂದ ಗಾಮ, ಸೆಪ್ಟೆಂಬರ್ ೧೫ರಂದು ಒಂದು ದ್ವೀಪಪುಂಜದ ಬಳಿ ದೋಣಿಯಿಳಿಸಿ, ತನ್ನ ದೊರೆಯ ಅಪ್ಪಣೆಯಂತೆ ಕಲ್ಲಿನ ಕಂಬವೊಂದನ್ನು ನಿಲ್ಲಿಸಿ ಸಾಂತಾ ಮರಿಯಾ ಎಂದು ಹೆಸರಿಟ್ಟ. ಇಂದಿನ ಸೇಂಟ್ ಮೇರಿ ದ್ವೀಪಗಳ ಹೆಸರು ಬಂದುದು ಇದರಿಂದ. ತೀರದಿಂದ ಮೀನು ತಂದ ದೋಣಿಯವರಿಗೆ ಗಾಮ ಅಂಗಿಗಳನ್ನು ಕೊಟ್ಟನೆಂದೂ, ಕಂಬ ನಿಲ್ಲಿಸಿದರೆ ಸಮ್ಮತವೇ ಎಂದು ಕೇಳಿದಾಗ ಅವರು ಸಂತೋಷದಿಂದ ಒಪ್ಪಿದರೆಂದೂ ಅವನ ಹಡಗಿನವನೊಬ್ಬ ಬರೆದ ದಿನಚರಿ ಹೇಳುತ್ತದೆ. ಯಾವ ಭಾಷೆಯಲ್ಲಿ ಕೇಳಿದರು, ಯಾವ ಭಾಷೆಯಲ್ಲಿ ಒಪ್ಪಿದರು? ಅಂಗಿ ಪಡೆದ ಆ ಮೀನುಗಾರರ ಹೆಸರೇನು? ದಿನಚರಿಯಲ್ಲಿ ಅದಕ್ಕೆ ಜಾಗವಿಲ್ಲ. ಕಂಬ ಇಂದು ಅಲ್ಲಿಲ್ಲ. ಮೀನು ಹಿಡಿಯುವವರು ಮಾತ್ರ ಇದ್ದಾರೆ. ಗಾಮನಿಗೆ ತಿಳಿಯದಿದ್ದ ಇನ್ನೊಂದು ಸಂಗತಿಯಿದೆ. ಅವನು ಮೆಟ್ಟಿದ ಆ ಕಂಬಗಂಬದಂಥ ಶಿಲೆಗಳು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ, ಉಕ್ಕಿದ ಲಾವಾ ಆರಿ ಆದಂಥವು. ಅವನು ಕಂಬ ನೆಡುವ ಮೊದಲೇ ಅಲ್ಲಿ ಸಾವಿರಾರು ಕಂಬಗಳಿದ್ದವು.

ಅಲ್ಲಿಂದ ಅಂಜದೀವಕ್ಕೆ ಹೋಗಿ ಹಡಗುಗಳನ್ನು ದುರಸ್ತಿ ಮಾಡಿಕೊಳ್ಳುತ್ತಿದ್ದಾಗ ಒಬ್ಬ ಪರದೇಶಿ ಅವನನ್ನು ಕಾಣಲು ಬಂದ. ವೆನಿಸಿನ ಭಾಷೆಯನ್ನು ಚೆನ್ನಾಗಿ ಆಡುತ್ತಿದ್ದ ಈ ಯಹೂದಿ, ತಾನು ಗೋವೆಯ ಒಡೆಯನಾದ ‘ಸಬಾಯೊ’ನ ಸೇವಕನೆಂದು ಹೇಳಿಕೊಂಡ. ಈ ಸಬಾಯೊ ವಿಜಾಪುರದ ಯೂಸುಫ್ ಆದಿಲ್ ಖಾನನೇ ಎಂದು ಅನೇಕ ಇತಿಹಾಸಕಾರರು ತಿಳಿಯುತ್ತಾರೆ. ಭೀಮೆಯ ಬಯಲಿನ ರಾಜಕೀಯಕ್ಕೂ ಕಡಲ ನಡುವಣ ಈ ಬಂಡೆಗೂ ಇದ್ದ ನಂಟು ಇಲ್ಲಿ ಬಯಲಾಗುತ್ತದೆ. ಗಾಮ ಅವನನ್ನು ಹೊಡೆಸಿ, ಗೂಢಚಾರನೆಂದು ಒಪ್ಪಿಸಿ, ಹಡಗಿನಲ್ಲಿ ಕಟ್ಟಿಕೊಂಡು ಹೋದ. ಮುಂದೆ ಅವನು ಗಾಸ್ಪರ್ ಡ ಗಾಮ ಎಂಬ ಹೆಸರು ತಳೆದು ಪೋರ್ತುಗೀಸರಿಗೇ ದುಭಾಷಿಯಾದ. ೧೫೦೫ರಲ್ಲಿ ವೈಸರಾಯ್ ಆಲ್ಮೇಡ ಅಂಜದೀವದಲ್ಲಿ ಕೋಟೆ ಕಟ್ಟಿಸಿದ. ಮರುವರ್ಷವೇ ಅದನ್ನು ಬಿಡಬೇಕಾಯಿತು.

ಅಂಜದೀವ ಇಂಗ್ಲಿಷರಿಗೂ ಒಳ್ಳೆಯದನ್ನು ಮಾಡಲಿಲ್ಲ. ಎರಡನೆಯ ಚಾರ್ಲ್ಸ್ ದೊರೆಗೆ ಮುಂಬಯಿ ವರದಕ್ಷಿಣೆಯಾಗಿ ಬಂದ ಕತೆ ಎಲ್ಲರೂ ಬಲ್ಲದ್ದೇ. ೧೬೬೨ರಲ್ಲಿ ಅದನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು ನಾನೂರು ಸೈನಿಕರೊಡನೆ ಬಂದ. ಪೋರ್ತುಗೀಸ್ ಅಧಿಕಾರಿಗಳು ಮುಂಬಯಿಯನ್ನು ಬಿಟ್ಟುಕೊಡಲಿಲ್ಲ. ಇಳಿಯಲು ಬೇರೆ ಎಡೆಯಿಲ್ಲದೆ ಆ ಪಡೆ ಅಂಜದೀವದಲ್ಲಿ ಬಿಡಾರ ಹೂಡಿತು. ಮಳೆ, ಜ್ವರ, ಕೆಟ್ಟ ಆಹಾರ ಇವುಗಳಿಂದ ಒಬ್ಬೊಬ್ಬರಾಗಿ ಸತ್ತರು. ೧೬೬೪ರಲ್ಲಿ ಶಿಪ್‌ಮನ್ನನೂ ಸತ್ತ. ೧೬೬೫ರಲ್ಲಿ ಹಂಫ್ರಿ ಕುಕ್ ಮುಂಬಯಿಯನ್ನು ಪಡೆದುಕೊಳ್ಳುವಾಗ ಅವನೊಡನೆ ಉಳಿದಿದ್ದವರು ನೂರರ ಆಸುಪಾಸು. ಮುಂಬಯಿಯ ವೈಭವದ ಮೊದಲ ಬೆಲೆಯನ್ನು ಕಾರವಾರದ ಮುಂದಣ ಈ ಬಂಡೆಯ ಮೇಲೆ ತೆತ್ತರು ಎನ್ನಬಹುದು.

ಮೂರು ಶತಮಾನಗಳ ಬಳಿಕ, ೧೯೬೧ರ ಡಿಸೆಂಬರ್ ೧೮ರಂದು, ಗೋವೆಯ ವಿಮೋಚನೆಯ ಕಾಲದಲ್ಲಿ ನಮ್ಮ ನೌಕಾದಳದವರು ಅಂಜದೀವದಲ್ಲಿ ಇಳಿದರು. ಅಲ್ಲಿ ನಡೆದ ಗುಂಡಿನ ಕಾಳಗದಲ್ಲಿ ನಮ್ಮ ಏಳು ಮಂದಿ ನಾವಿಕರು ಮಡಿದರು. ಇಂದು ಆ ದ್ವೀಪ ಕಾರವಾರದ ನೌಕಾನೆಲೆಯ ಅಂಗವಾಗಿದ್ದು, ವಿಹಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ನೇತ್ರಾಣಿಯ ಪಾಲಿಗೆ ಬಂದುದು ಬೇರೆ ಬಗೆಯ ಯುದ್ಧ. ಗುರಿಯಿಟ್ಟು ಹೊಡೆಯುವ ಅಭ್ಯಾಸಕ್ಕೆ ನೌಕಾದಳ ದಶಕಗಳ ಕಾಲ ಈ ದ್ವೀಪವನ್ನು ಬಳಸಿತು. ಅಲ್ಲಿ ಗೂಡುಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದುಗಳ ಮತ್ತು ನೀರಿನೊಳಗಿನ ಹವಳದ ಹೆಸರೆತ್ತಿ ವಿಜ್ಞಾನಿಗಳು ಇದನ್ನು ಆಕ್ಷೇಪಿಸಿದರು.

ಇನ್ನು ತೀರದ ಜನರ ಮಾತು. ಅವರಿಗೆ ನಡುಗಡ್ಡೆಯೆಂದರೆ ಮುಖ್ಯವಾಗಿ ಹರಕೆಯ ತಾಣ. ನೇತ್ರಾಣಿಗೆ ಮೀನುಗಾರರು ಹರಕೆಯ ಆಡುಗಳನ್ನು ಬಿಟ್ಟು ಬರುವುದುಂಟು. ಕೂರ್ಮಗಡದ ನರಸಿಂಹನ ಜಾತ್ರೆಗೆ ಪ್ರತಿವರ್ಷ ದೋಣಿಗಳ ಸಾಲು ಹೊರಡುತ್ತದೆ. ೨೦೧೯ರ ಜನವರಿ ೨೧ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಮಂದಿ ತೀರಿಕೊಂಡರು. ಅವರಲ್ಲಿ ಹಾವೇರಿಯ ಕಡೆಯಿಂದ ಬಂದವರೂ ಇದ್ದರು. ನಮ್ಮಂತೆಯೇ ಬಯಲುಸೀಮೆಯವರು, ಕಡಲನ್ನು ಅರಿಯದವರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದು ಪತ್ರಿಕೆಗಳು ಬರೆದವು. ನಡುಗಡ್ಡೆ ಹತ್ತಿರ ಕಾಣುತ್ತದೆಯೆಂದು ಕಡಲನ್ನು ಹೊಳೆಯಂತೆ ಎಣಿಸುವವರು ನೆನಪಿಡತಕ್ಕ ದಿನವದು.

ನಮ್ಮ ದೋಣಿಯವನಿಗೆ ಇದು ಚೆನ್ನಾಗಿ ನೆನಪಿತ್ತು. ಹದಿಮೂರನೆಯವನನ್ನು ಹತ್ತಿಸಿಕೊಳ್ಳಿ ಎಂದು ದಡದಲ್ಲಿ ಯಾರೋ ಕೇಳಿದಾಗ, “ಇಲ್ಲ ಮಾರಾಯ್ರೆ, ಹನ್ನೆರಡು ಅಂದ್ರೆ ಹನ್ನೆರಡೇ” ಎಂದುಬಿಟ್ಟ. ಸುಮಾರು ಒಂದೂವರೆ ಗಂಟೆಯ ಪಯಣದ ಬಳಿಕ, ಮುನ್ನೂರು ಅಡಿ ಎತ್ತರಕ್ಕೆ ಹಸಿರು ಹೊದ್ದು ನಿಂತ ಬಂಡೆಯ ನೆರಳಿಗೆ ದೋಣಿ ಬಂತು. ದ್ವೀಪದ ಮೇಲೆ ಕಾಲಿಡುವಂತಿಲ್ಲ; ನೋಡುವುದೆಲ್ಲ ನೀರಿನಿಂದಲೇ. ಒಬ್ಬೊಬ್ಬರಾಗಿ ಇಳಿದೆವು. ನಮ್ಮ ಗುಂಪಿನ ಹಿರಿಯರೊಬ್ಬರು, ಭೀಮೆಯ ಕೆಂಪು ನೀರನ್ನು ಅರವತ್ತು ವರ್ಷ ಕಂಡವರು, ತಲೆಯೆತ್ತಿ, “ಯಪ್ಪಾ, ತಳ ಕಾಣ್ಲಿಕತ್ತದಲ್ರೀ!” ಎಂದು ಕೂಗಿದರು. ನಿಜ, ತಳ ಕಾಣುತ್ತಿತ್ತು. ಬಂಡೆಯ ಮೇಲೆ ಮಿದುಳಿನಂತೆ ಗೆರೆಗೆರೆಯಾದ ಹವಳದ ಗುಡ್ಡೆಗಳು, ಅವುಗಳ ನಡುವೆ ಹಳದಿ ಚಿಟ್ಟೆ ಮೀನುಗಳು, ಹವಳವನ್ನು ಕಟಕಟನೆ ಕಡಿಯುವ ಗಿಳಿಮೀನುಗಳು.

ಗುಡ್ಡೆಯಾಗಿ ಬೆಳೆಯುವ ಇಂಥ ಹವಳ ವರ್ಷಕ್ಕೆ ಬೆರಳಗಲದಷ್ಟೂ ಏರುವುದಿಲ್ಲ. ಅಂಗೈಯಗಲದ ತುಂಡೊಂದು ನಮ್ಮ ಮಕ್ಕಳ ವಯಸ್ಸಿನದು. ಆಳೆತ್ತರದ ಗುಡ್ಡೆ ಶಿಪ್‌ಮನ್ನನ ಸೈನಿಕರಷ್ಟು ಹಳೆಯದಿದ್ದೀತು. ಅದರ ಮೇಲೆ ಲಂಗರು ಎಸೆದರೆ, ಕಾಲೂರಿ ನಿಂತರೆ, ನೆನಪಿಗೆಂದು ಮುರಿದುಕೊಂಡರೆ, ಕ್ಷಣದಲ್ಲಿ ಕಳೆದುದನ್ನು ಮತ್ತೆ ಕಾಣಲು ತಲೆಮಾರುಗಳು ಬೇಕು. ೨೦೦೧ರಿಂದ ಹವಳವನ್ನು ವನ್ಯಜೀವಿ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಿ, ಹುಲಿಯಷ್ಟೇ ರಕ್ಷಣೆಯನ್ನು ಅದಕ್ಕೆ ಕೊಟ್ಟಿದ್ದಾರೆ. ಆದರೆ ಕಡಲಿನ ಬಿಸಿಗೆ ಕಾಯಿದೆ ತಿಳಿಯದು. ೧೯೯೮ರಲ್ಲಿ ನೀರು ಕಾದು ಲಕ್ಷದ್ವೀಪದ ಹವಳ ಬಿಳಿಚಿಕೊಂಡು ಬಹುಪಾಲು ಸತ್ತಿತು. ಆ ಬಿಸಿಯನ್ನು ತಡೆಯುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಕಾಲನ್ನು ಎತ್ತಿಕೊಳ್ಳುವುದು ಎಲ್ಲರ ಕೈಲೂ ಆಗುತ್ತದೆ.

ಇಷ್ಟು ಶತಮಾನಗಳಲ್ಲಿ ಈ ನಡುಗಡ್ಡೆಗಳಿಗೆ ಬಂದವರೆಲ್ಲ ಏನನ್ನಾದರೂ ಕೊಂಡುಹೋದರು: ಸಿಹಿನೀರು, ಸೌದೆ, ಸುಣ್ಣ, ಒಬ್ಬ ದುಭಾಷಿ. ಏನನ್ನಾದರೂ ಬಿಟ್ಟೂ ಹೋದರು: ಒಂದು ಹೆಸರು, ಒಂದು ಕೋಟೆ, ಗೋರಿಗಳು, ಸಿಡಿಗುಂಡು. ಬರೆದವರೂ ಅವರೇ. ಕರೆದೊಯ್ದ ದೋಣಿಯವನಾಗಲಿ, ಮೀನು ಮಾರಿದವನಾಗಲಿ ಬರೆಯಲಿಲ್ಲ. ಅವರನ್ನು ಬದಿಗಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆ. ಇಂದು ಹಣ ತೆತ್ತು ದೋಣಿ ಹತ್ತುವ ನಾವು ಆ ಬಂದುಹೋದವರ ಸಾಲಿನಲ್ಲಿ ಕಡೆಯವರು. ಗಾಮನ ಹಿಂದೆ, ಶಿಪ್‌ಮನ್ನನ ಹಿಂದೆ ನಿಂತವರು. ಅವರಿಗಿಂತ ನಮಗೊಂದು ಅನುಕೂಲವಿದೆ. ಅವರು ಕೊರತೆಯಿಂದ ಬಂದರು, ಆದ್ದರಿಂದ ಕೊಂಡುಹೋಗಲೇಬೇಕಾಯಿತು. ನಾವು ನೋಡುವುದಕ್ಕೆಂದೇ ಬಂದವರು. ನೋಡಿ, ಏನನ್ನೂ ಮುರಿಯದೆ, ದೋಣಿಯವನ ಮಾತು ಕೇಳಿ, ಅವನಿಂದ ಆ ನೀರಿನ ಕತೆಯನ್ನು ತಿಳಿದು, ಬರಿಗೈಯಲ್ಲಿ ಹಿಂದಿರುಗಬಹುದು.