ಮೆಕ್ಸಿಕೊ ಡ್ರಗ್ ಕಾರ್ಟೆಲ್‌ಗಳು: ಸೇನೆ ಇಳಿದರೂ ನಿಲ್ಲದ ರಕ್ತಪಾತ, ಕಾರಣವೇನು? ಇಲ್ಲಿದೆ ಮಾಹಿತಿ

ಮೆಕ್ಸಿಕೊದ ಅಂದಿನ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ 2006ರ ಡಿಸೆಂಬರ್‌ನಲ್ಲಿ ತಮ್ಮ ತವರು ರಾಜ್ಯ ಮಿಚೋಕಾನ್‌ಗೆ ಸಾವಿರಾರು ಯೋಧರನ್ನು ಕಳುಹಿಸಿ ಡ್ರಗ್ ಕಾರ್ಟೆಲ್‌ಗಳ ವಿರುದ್ಧ ಸಮರ ಸಾರಿದರು. 2007ರಲ್ಲಿ ದೇಶದಲ್ಲಿ ನಡೆದ ಕೊಲೆಗಳು 9 ಸಾವಿರಕ್ಕಿಂತ ಕಡಿಮೆ. 2018ರ ಹೊತ್ತಿಗೆ ಆ ಸಂಖ್ಯೆ 36 ಸಾವಿರ ದಾಟಿತು. ನಾಪತ್ತೆಯಾದವರ ಅಧಿಕೃತ ಪಟ್ಟಿ 2022ರ ಮೇ ತಿಂಗಳಲ್ಲಿ 1 ಲಕ್ಷ ಮೀರಿತು.

ಹಿಂಸೆ ಹೆಚ್ಚಿದ್ದು ಹೇಗೆ?

ಮುಖಂಡನನ್ನು ಹಿಡಿದರೆ ಅಥವಾ ಕೊಂದರೆ ಜಾಲ ಕುಸಿಯುತ್ತದೆ ಎಂಬುದು ಸರ್ಕಾರದ ಲೆಕ್ಕಾಚಾರವಾಗಿತ್ತು. ಆದರೆ ನಾಯಕನಿಲ್ಲದ ಗುಂಪು ಹಲವು ಬಣಗಳಾಗಿ ಒಡೆದು, ಸಾಗಣೆ ಮಾರ್ಗಗಳ ಹಿಡಿತಕ್ಕಾಗಿ ಪರಸ್ಪರ ಕಾದಾಡತೊಡಗಿತು. ಸಿನಲೋವಾ ಕಾರ್ಟೆಲ್‌ನ 'ಎಲ್ ಚಾಪೊ' ಗುಸ್ಮಾನ್‌ಗೆ 2019ರಲ್ಲಿ ಅಮೆರಿಕದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅದೇ ಗುಂಪಿನ ಇಸ್ಮಾಯೆಲ್ ಸಂಬಾದಾ 2024ರ ಜುಲೈನಲ್ಲಿ ಅಮೆರಿಕದಲ್ಲಿ ಸೆರೆಯಾದ. ಎರಡೇ ತಿಂಗಳಲ್ಲಿ ಇಬ್ಬರ ಬಣಗಳ ನಡುವೆ ಕುಲಿಯಾಕಾನ್ ನಗರದಲ್ಲಿ ಬೀದಿ ಕಾಳಗ ಶುರುವಾಯಿತು.

ಪೊಲೀಸರು ಮತ್ತು ಅಧಿಕಾರಿಗಳೇ ಕಾರ್ಟೆಲ್ ಜತೆ ಕೈಜೋಡಿಸುವುದು ಇನ್ನೊಂದು ಸಮಸ್ಯೆ. 2014ರ ಸೆಪ್ಟೆಂಬರ್‌ನಲ್ಲಿ ಇಗುವಾಲಾದಲ್ಲಿ 43 ವಿದ್ಯಾರ್ಥಿಗಳು ಕಣ್ಮರೆಯಾದ ಪ್ರಕರಣದಲ್ಲಿ ಸ್ಥಳೀಯ ಪೊಲೀಸರ ಪಾತ್ರ ಬಯಲಾಗಿತ್ತು. ಕಾರ್ಟೆಲ್‌ಗಳ ಆದಾಯ ಈಗ ಡ್ರಗ್ಸ್‌ಗೆ ಸೀಮಿತವಾಗಿಲ್ಲ. ಮಿಚೋಕಾನ್‌ನ ಬೆಣ್ಣೆಹಣ್ಣು ಬೆಳೆಗಾರರಿಂದಲೂ ಅವು ಹಫ್ತಾ ವಸೂಲಿ ಮಾಡುತ್ತವೆ.

ಪರಿಹಾರದ ಚರ್ಚೆ

2018ರಲ್ಲಿ ಅಧ್ಯಕ್ಷರಾದ ಲೋಪೆಸ್ ಒಬ್ರಡೋರ್ 'ಗುಂಡಲ್ಲ, ಅಪ್ಪುಗೆ' ಎಂಬ ಘೋಷಣೆಯೊಂದಿಗೆ ಯುವಕರಿಗೆ ವಿದ್ಯಾರ್ಥಿವೇತನ, ಉದ್ಯೋಗ ತರಬೇತಿಗೆ ಒತ್ತು ನೀಡಿದರು. ಬಡತನ ತಗ್ಗಿದರೆ ಕಾರ್ಟೆಲ್‌ಗೆ ಹುಡುಗರು ಸಿಗುವುದಿಲ್ಲ ಎಂಬುದು ಅವರ ವಾದ. ಇದರಿಂದ ಕಾರ್ಟೆಲ್‌ಗಳಿಗೆ ಕಡಿವಾಣವೇ ಇಲ್ಲದಾಯಿತು ಎಂದು ಟೀಕಾಕಾರರು ಹೇಳುತ್ತಾರೆ. 2024ರಲ್ಲಿ ಅಧಿಕಾರಕ್ಕೆ ಬಂದ ಕ್ಲೌಡಿಯಾ ಶೇನ್‌ಬಾಮ್ ಗುಪ್ತಚರ ಮಾಹಿತಿ ಮತ್ತು ತನಿಖೆಗೆ ಆದ್ಯತೆ ಕೊಟ್ಟರು. 2025ರ ಫೆಬ್ರುವರಿಯಲ್ಲಿ ಅವರ ಸರ್ಕಾರ 29 ಕಾರ್ಟೆಲ್ ಕೈದಿಗಳನ್ನು ಅಮೆರಿಕಕ್ಕೆ ಹಸ್ತಾಂತರಿಸಿತು.

ಅದೇ ತಿಂಗಳು ಅಮೆರಿಕ, ಮೆಕ್ಸಿಕೊದ 6 ಕಾರ್ಟೆಲ್‌ಗಳನ್ನು ಭಯೋತ್ಪಾದಕ ಸಂಘಟನೆಗಳೆಂದು ಘೋಷಿಸಿತು. ಇದು ತನ್ನ ನೆಲದಲ್ಲಿ ವಿದೇಶಿ ಸೇನಾ ಕಾರ್ಯಾಚರಣೆಗೆ ನೆಪವಾಗಬಾರದು ಎಂಬುದು ಮೆಕ್ಸಿಕೊದ ನಿಲುವು. ಕಾರ್ಟೆಲ್‌ಗಳ ಕೈಗೆ ಬಂದೂಕು ಸೇರುವುದೇ ಅಮೆರಿಕದಿಂದ ಎಂದು ಆರೋಪಿಸಿ ಅದು ಅಲ್ಲಿನ ತಯಾರಕರ ವಿರುದ್ಧ 2021ರಲ್ಲಿ ದಾವೆ ಹೂಡಿತ್ತು. 2025ರ ಜೂನ್‌ನಲ್ಲಿ ಅಮೆರಿಕ ಸುಪ್ರೀಂ ಕೋರ್ಟ್ ಅದನ್ನು ತಿರಸ್ಕರಿಸಿತು.

ಭಾರತಕ್ಕೇನು ನಂಟು?

ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಪ್ರಬಲವಾದ ಫೆಂಟನಿಲ್ ತಯಾರಿಗೆ ಬೇಕಾದ ರಾಸಾಯನಿಕಗಳು ಮುಖ್ಯವಾಗಿ ಚೀನಾದಿಂದ ಮೆಕ್ಸಿಕೊ ಸೇರುತ್ತವೆ. ಇಂಥ ರಾಸಾಯನಿಕ ಪೂರೈಸಿದ ಆರೋಪದಡಿ 2025ರ ಜನವರಿಯಲ್ಲಿ ಗುಜರಾತ್‌ನ ಎರಡು ಕಂಪನಿಗಳ ವಿರುದ್ಧವೂ ಅಮೆರಿಕದಲ್ಲಿ ಪ್ರಕರಣ ದಾಖಲಾಯಿತು.

ರಾಸಾಯನಿಕ ಒಂದು ದೇಶದ್ದು, ಬಂದೂಕು ಇನ್ನೊಂದು ದೇಶದ್ದು, ಗಿರಾಕಿ ಅಮೆರಿಕದಲ್ಲಿ. ಹೀಗಾಗಿ ಮೆಕ್ಸಿಕೊ ಒಂದೇ ಈ ಸರಪಳಿ ಕಡಿಯಲಾರದು. ಅಲ್ಲಿಯವರೆಗೆ ಕಾಣೆಯಾದ ಮಕ್ಕಳಿಗಾಗಿ ತಾಯಂದಿರೇ ಸಲಿಕೆ ಹಿಡಿದು ನೆಲ ಅಗೆಯುವುದು ತಪ್ಪುವಂತಿಲ್ಲ.