ತೊರೆಯಂಚಿನ ಸೊಳ್ಳೆ ಮತ್ತು ಒಂದು ವೈದ್ಯಕೀಯ ಪತ್ರಿಕೆ



ಸೊಳ್ಳೆಗಳು ನಿಂತ ನೀರಿನಲ್ಲಿ ಹುಟ್ಟುತ್ತವೆ ಎಂದು ತರಗತಿಯಲ್ಲಿ ನಾನು ಅನೇಕ ವರ್ಷ ಹೇಳಿಕೊಟ್ಟೆ. ಆ ಪಾಠ ಅರ್ಧಸತ್ಯ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳನ್ನೊಳಗೊಂಡ ನಮ್ಮ ಜಿಲ್ಲೆಯಲ್ಲಿ ಮಲೇರಿಯಾ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಅದು ಮೊಟ್ಟೆಯಿಡುವುದು ಮೆಲ್ಲನೆ ಹರಿಯುವ ತಿಳಿನೀರಿನ ತೊರೆಗಳ ಅಂಚಿನಲ್ಲಿ. ಈ ತಪ್ಪನ್ನು ತಿದ್ದಿಕೊಳ್ಳುವ ನೆಪದಲ್ಲಿ ಒಂದು ಪತ್ರಿಕೆಯ ಕಥೆಯನ್ನು ಹೇಳಬೇಕಾಗಿದೆ.

1929ರಲ್ಲಿ ಆರಂಭವಾದ ‘ರೆಕಾರ್ಡ್ಸ್ ಆಫ್ ದಿ ಮಲೇರಿಯಾ ಸರ್ವೆ ಆಫ್ ಇಂಡಿಯಾ’ 1938ರಲ್ಲಿ ಮಲೇರಿಯಾ ಇನ್‌ಸ್ಟಿಟ್ಯೂಟಿನ ಪತ್ರಿಕೆಯಾಯಿತು. 1947ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮಲೇರಿಯಾಲಜಿ’ ಎಂಬ ಹೆಸರು ಪಡೆಯಿತು. ಆ ಮೊದಲ ಸಂಪುಟದಲ್ಲಿಯೇ ನಮ್ಮ ಜಿಲ್ಲೆಯ ಹೆಸರಿದೆ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಪ್ರಯೋಗದ ಮೊದಲ ವರ್ಷದ ಫಲಿತಾಂಶವನ್ನು ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅಲ್ಲಿ ವರದಿ ಮಾಡಿದರು. ತೊರೆಗಳನ್ನೆಲ್ಲ ಕಾಯುವುದು ಅಸಾಧ್ಯ. ಆದರೆ ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ವಿಶ್ರಮಿಸುತ್ತದೆ, ಅಲ್ಲಿಯೇ ಅದನ್ನು ಕೊಲ್ಲಬಹುದು. ಇದೇ ಅದರ ತರ್ಕ. ಈ ವಿಧಾನವನ್ನೇ ನೆಚ್ಚಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಸ್ವಾತಂತ್ರ್ಯದ ವೇಳೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಈ ಜ್ವರಕ್ಕೆ ತುತ್ತಾಗಿ, 8 ಲಕ್ಷ ಜನ ಸಾಯುತ್ತಿದ್ದರೆಂಬ ಅಂದಾಜಿತ್ತು. 1965ರ ಹೊತ್ತಿಗೆ ದಾಖಲಾದ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿದಿತ್ತು.

ಇಷ್ಟರಲ್ಲಿ ಪತ್ರಿಕೆಯೂ ನಿಂತಿತ್ತು. 1963ರ 17ನೆಯ ಸಂಪುಟದ ನಂತರ ದೀರ್ಘ ಮೌನ. ರೋಗವಾದರೋ ಮೌನವಾಗಿರಲಿಲ್ಲ. ಡಿ.ಡಿ.ಟಿ.ಗೆ ಒಗ್ಗಿಕೊಂಡ ಸೊಳ್ಳೆಗಳು, ಸಡಿಲವಾದ ಕಣ್ಗಾವಲು ಮುಂತಾದ ಕಾರಣಗಳಿಂದ 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ಮುಟ್ಟಿತು. 1981ರಲ್ಲಿ ಪತ್ರಿಕೆ ಮತ್ತೆ ಹೊರಬಂದಿತು, 18ನೆಯ ಸಂಪುಟವಾಗಿ. 2003ರಲ್ಲಿ ಡೆಂಗೆ, ಮಂಗನ ಕಾಯಿಲೆಗಳಂಥವನ್ನೂ ಒಳಗೊಳ್ಳುವ ‘ಜರ್ನಲ್ ಆಫ್ ವೆಕ್ಟರ್ ಬೋರ್ನ್ ಡಿಸೀಸಸ್’ ಎಂಬ ಹೆಸರು ತಾಳಿತು. ಇಂದು ಅದನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಹಣ ತೆರದೆ ಓದಬಹುದು.

ಸಂಪುಟಗಳ ಸಂಖ್ಯೆ ನೋಡಿದರೆ 17ರ ಮುಂದೆ 18. ನಡುವೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ನಡುವೆ ಹದಿನೆಂಟು ವರ್ಷಗಳಿವೆ, ಲಕ್ಷಾಂತರ ಮನೆಗಳ ಚಳಿಜ್ವರವಿದೆ. ರೋಗ ಕಡಿಮೆಯಾದಾಗಲೇ ಹೆಚ್ಚು ಎಚ್ಚರದಿಂದ ಬರೆದಿಡಬೇಕೆಂಬುದನ್ನು ನಿಮಗೆ ಅಂದು ಕಲಿಸಲಿಲ್ಲ. ಪಾಠ ತಡವಾಯಿತು, ಕ್ಷಮೆಯಿರಲಿ.